ಯಾವ ತಟ್ಟೆಗೆ ಇರುವೆ ಬಂತು?

ನಮ್ಮ ಔಷಧಿ ಅಂಗಡಿಗೆ ಪ್ರತಿ ತಿಂಗಳು ಸಕ್ಕರೆ ಕಾಯಿಲೆಯ ಮಾತ್ರೆಗೆ ಬರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಚೀಟಿ ಕೊಟ್ಟು, ಮಾತ್ರೆ ಎಣಿಸಿಕೊಂಡು, ಎರಡು ಮಾತಾಡಿ ಹೋಗುವವರು. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಮಾತ್ರೆ ಕೊಂಡಮೇಲೂ ಏಳದೆ ಬೆಂಚಿನ ಮೇಲೆ ಕುಳಿತೇ ಇದ್ದರು. ಕೊನೆಯ ಗಿರಾಕಿ ಹೋದಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

‘ತಮ್ಮಾ, ನಮ್ಮ ಹುಡುಗ ಬೆಂಗಳೂರಿಂದ ಒಂದು ಬಾಟ್ಲಿ ವೈನ್ ತಂದಾನ. ಶುಗರ್ ಇದ್ದೋರಿಗೆ ಇದು ಏನೂ ಮಾಡಲ್ಲ ಅಂತಾನ. ನಾನೂ ಐದಾರು ವರ್ಷದಿಂದ ರಾತ್ರಿ ಊಟಕ್ಕೆ ಮೊದಲು ಒಂದೀಟು ತಗಂತೀನಿ, ಇಲ್ಲೇ ಸಿಗೋದು. ಹಾರ್ಟಿಗೆ ಒಳ್ಳೇದಂತಲ್ಲ. ಆದ್ರೆ ಎರಡೂ ಒಂದೇ ರುಚಿ ಇಲ್ಲ ನೋಡು. ನಾನು ತರೋದು ಪಾನಕ ಇದ್ದಂಗೈತಿ. ಇವನು ತಂದಿದ್ದು ಎಳೆ ಅಡಿಕೆ ಕಚ್ಚಿದಂಗೈತಿ. ಯಾವುದು ಅಸಲಿ?’

ಅವರು ಕೇಳಿದ್ದು ಅಸಲಿ-ನಕಲಿಯ ಪ್ರಶ್ನೆ. ಅದಕ್ಕಿಂತ ದೊಡ್ಡ ಪ್ರಶ್ನೆ ಅದರೊಳಗೇ ಇತ್ತು: ಸಕ್ಕರೆ ಕಾಯಿಲೆ ಇರುವವರು, ಇಲ್ಲವೇ ತೂಕ ಇಳಿಸಲು ಅನ್ನ-ರೊಟ್ಟಿ ಕಡಿಮೆ ಮಾಡಿದವರು, ವೈನ್ ಕುಡಿಯುವುದೇ ಆದರೆ ಅದರಲ್ಲಿ ಎಷ್ಟು ಸಕ್ಕರೆ ಇದೆಯೆಂದು ತಿಳಿಯುವುದು ಹೇಗೆ? ಈ ಪ್ರಶ್ನೆ ಈಗ ಬೆಂಗಳೂರಿನದಷ್ಟೇ ಅಲ್ಲ. ಹರಪನಹಳ್ಳಿ, ಕೊಟ್ಟೂರು, ಹಡಗಲಿಯ ಮನೆಗಳಿಗೂ ರಜೆಗೆ ಬಂದ ಮಕ್ಕಳ ಬ್ಯಾಗಿನಲ್ಲಿ ಈ ಬಾಟಲಿ ಬರುತ್ತಿದೆ. ಮಕ್ಕಳು ಪ್ರೀತಿಯಿಂದಲೇ ತರುತ್ತಾರೆ. ಅಪ್ಪ ವಿಸ್ಕಿ, ರಮ್ ಬಿಟ್ಟು ಇದನ್ನು ಕುಡಿದರೆ ಸಾಕು ಎಂಬ ಆಸೆ ಅವರದು.

ನಮ್ಮ ಕಡೆ ‘ವೈನ್’ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ವೈನ್ ಶಾಪ್, ವೈನ್ಸ್ ಎಂಬ ಬೋರ್ಡು ಊರೂರಿಗೂ ಇದೆ. ಒಳಗೆ ಹೋದರೆ ಸಿಗುವುದು ವಿಸ್ಕಿ, ಬ್ರಾಂದಿ, ರಮ್ಮು, ಬಿಯರು. ‘ವೈನೇ ಬೇಕು’ ಎಂದರೆ ಮೇಲಿನ ಕಪಾಟಿನ ಮೂಲೆಯಿಂದ ಒಂದು ಬಾಟಲಿ ಇಳಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಅದು ಪೋರ್ಟ್ ಎಂಬ ಹೆಸರಿನ ಸಿಹಿ ವೈನ್. ಬಾಣಂತಿಗೆ, ರಕ್ತ ಕಡಿಮೆಯಾದವರಿಗೆ, ನಿದ್ದೆ ಬಾರದ ಮುದುಕರಿಗೆ ಟಾನಿಕ್ಕಿನಂತೆ ಅದನ್ನು ಕೊಡುವ ರೂಢಿ ಹಿಂದಿನಿಂದ ಇದೆ. ಹಾಗಾಗಿ ನಮ್ಮ ಜನರ ನಾಲಿಗೆಗೆ ವೈನ್ ಎಂದರೆ ಸಿಹಿ, ಕೆಂಪು, ಔಷಧಿ. ಸರ್ಕಾರದ ಕನ್ನಡದಲ್ಲಿ ಅದಕ್ಕೆ ‘ದ್ರಾಕ್ಷಾರಸ’ ಎಂಬ ಹೆಸರು. ಕೇಳಿದರೆ ಹಣ್ಣಿನ ರಸವೇ ಅನಿಸುತ್ತದೆ. ಹಣ್ಣಿನ ರಸ ಒಳ್ಳೆಯದು ಎಂದು ಒಬ್ಬರು ಕುಡಿಯುತ್ತಾರೆ, ಹಣ್ಣಿನ ರಸದಲ್ಲಿ ಸಕ್ಕರೆ ಇರುತ್ತದೆ ಎಂದು ಇನ್ನೊಬ್ಬರು ಹೆದರುತ್ತಾರೆ. ಇಬ್ಬರಿಗೂ ಬಾಟಲಿಯೊಳಗೆ ನಿಜವಾಗಿ ಆದದ್ದೇನು ಎಂಬುದು ಗೊತ್ತಿರುವುದಿಲ್ಲ.

ಆಗುವುದು ಇಷ್ಟು. ವೈನಿಗೆಂದು ಕೊಯ್ಯುವ ಹೊತ್ತಿಗೆ ದ್ರಾಕ್ಷಿ ಚೆನ್ನಾಗಿ ಕಳಿತಿರುತ್ತದೆ. ಆಗ ಹಿಂಡಿದ ಒಂದು ಲೀಟರ್ ರಸದಲ್ಲಿ 220ರಿಂದ 240 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಕಾಲು ಕಿಲೋ. ಆ ರಸಕ್ಕೆ ಯೀಸ್ಟ್ ಬೀಳುತ್ತದೆ. ದೋಸೆ ಹಿಟ್ಟು ರಾತ್ರಿಯಿಡೀ ಉಬ್ಬಿ ಹುಳಿಯಾಗುವುದು ಕಣ್ಣಿಗೆ ಕಾಣದ ಜೀವಿಗಳಿಂದ ತಾನೇ? ಇಲ್ಲೂ ಅದೇ ಕಥೆ, ಜೀವಿ ಮಾತ್ರ ಬೇರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಒಂದು ಶೇಕಡಾ ಆಲ್ಕೋಹಾಲ್ ಹುಟ್ಟುತ್ತದೆ. ಬಾಟಲಿಯ ಮೇಲೆ ಶೇ 13 ಎಂದು ಬರೆದಿದ್ದರೆ, 17ರಿಂದ ಗುಣಿಸಿ ನೋಡಿ: 221. ಹಣ್ಣಿನಲ್ಲಿದ್ದ ಸಕ್ಕರೆ ಬಹುಪಾಲು ಖರ್ಚಾಗಿ ಹೋಗಿದೆ.

ಯೀಸ್ಟ್ ಹೀಗೆ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದ ವೈನಿಗೆ ‘ಡ್ರೈ’ ಎನ್ನುತ್ತಾರೆ. ಒಣಗಿದ್ದು ಎಂದಲ್ಲ, ಸಿಹಿ ಇಲ್ಲದ್ದು ಎಂದು ಅರ್ಥ. ಯುರೋಪಿನ ನಿಯಮದಂತೆ ಡ್ರೈ ಎನಿಸಿಕೊಳ್ಳಲು ಲೀಟರಿಗೆ 4 ಗ್ರಾಂ ಸಕ್ಕರೆಯೊಳಗೆ ಇರಬೇಕು. ಹುಳಿ ಜಾಸ್ತಿ ಇರುವ ವೈನಿಗೆ 9 ಗ್ರಾಂವರೆಗೂ ರಿಯಾಯಿತಿ ಉಂಟು. 45 ಗ್ರಾಂ ಮುಟ್ಟಿದರೆ ಅದು ಸಿಹಿ ವೈನ್. ನಡುವಿನ ಮೆಟ್ಟಿಲುಗಳೂ ಇವೆ, ಅವು ನಮಗಿಲ್ಲಿ ಬೇಡ.

ಯೀಸ್ಟ್ ಸಕ್ಕರೆ ತಿನ್ನುತ್ತಿರುವಾಗಲೇ ಅದನ್ನು ತಡೆದರೆ ಸಿಹಿ ಉಳಿಯುತ್ತದೆ. ಪೋರ್ಚುಗಲ್ಲಿನ ಡೌರೊ ನದಿಯ ಕಣಿವೆಯಲ್ಲಿ ಅಸಲಿ ಪೋರ್ಟ್ ಮಾಡುವುದೇ ಹೀಗೆ. ರಸ ಅರ್ಧ ಹುದುಗು ಬಂದಾಗ ದ್ರಾಕ್ಷಿಯಿಂದಲೇ ಇಳಿಸಿದ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ತಿನ್ನದೆ ಬಿಟ್ಟ ಸಕ್ಕರೆ ಹಾಗೇ ಉಳಿಯುತ್ತದೆ. ಆಲ್ಕೋಹಾಲ್ ಶೇ 20ರ ಹತ್ತಿರ, ಸಕ್ಕರೆ ಲೀಟರಿಗೆ ಸುಮಾರು 100 ಗ್ರಾಂ. ಅಲ್ಲಿನವರು ಊಟ ಮುಗಿದಮೇಲೆ ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯುವ ಪಾನೀಯ ಅದು. ನಮ್ಮಲ್ಲಿ ಅದೇ ಹೆಸರಿನ ಸಿಹಿ ವೈನನ್ನು ನೀರಿನ ಲೋಟಕ್ಕೆ ಬಗ್ಗಿಸುತ್ತಾರೆ. ಅಷ್ಟೇ ಸಿಹಿಯ ಪಾನೀಯ 180 ಮಿಲಿ ಹೊಟ್ಟೆಗೆ ಹೋದರೆ 18 ಗ್ರಾಂ ಸಕ್ಕರೆ, ಮೂರೂವರೆ ಚಮಚ. ಚಹಾಕ್ಕೆ ಸಕ್ಕರೆ ಬಿಟ್ಟು ಹತ್ತು ವರ್ಷವಾಯಿತು ಎಂದು ಹೆಮ್ಮೆಯಿಂದ ಹೇಳುವ ಮೇಷ್ಟ್ರು ರಾತ್ರಿ ಈ ಸಕ್ಕರೆಯನ್ನು ಐದಾರು ವರ್ಷ ಕುಡಿದಿದ್ದರು. ನನಗೆ ಹೊಟ್ಟೆ ಚುರುಕ್ ಅಂದಿತು. ಅವರ ಚೀಟಿಯಲ್ಲಿ ಮಾತ್ರೆಯ ಪ್ರಮಾಣ ಏರುತ್ತಾ ಬಂದದ್ದನ್ನು ಕಂಡವನು ನಾನು.

ಮಾತಿನಲ್ಲಿ ಹೇಳಿದರೆ ಅವರಿಗೆ ನಂಬಿಕೆ ಬರಲಿಕ್ಕಿಲ್ಲ ಅನಿಸಿತು. ಎಷ್ಟಾದರೂ ವಿಜ್ಞಾನ ಕಲಿಸಿದ ಮೇಷ್ಟ್ರು. ‘ಎರಡೂ ಬಾಟಲಿಯಿಂದ ಎರಡೆರಡು ಚಮಚ ತಗೊಂಡು ಎರಡು ಸ್ಟೀಲ್ ತಟ್ಟೆಗೆ ಹಾಕಿ, ಮಾಳಿಗೆ ಮೇಲೆ ಇಟ್ಟುಬಿಡ್ರಿ ಮೇಷ್ಟ್ರೇ. ನಾಳೆ ನಾನೂ ಬರ್ತೀನಿ’ ಎಂದೆ.

ಏಪ್ರಿಲ್ ಬಿಸಿಲು. ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಅವರ ಮನೆಗೆ ಹೋದಾಗ ಎರಡೂ ತಟ್ಟೆಯ ನೀರು ಆರಿತ್ತು. ಮಗ ತಂದ ವೈನಿನ ತಟ್ಟೆಯಲ್ಲಿ ನೇರಳೆ ಬಣ್ಣದ ತೆಳು ಕಲೆ, ಬೆರಳಿಟ್ಟರೆ ತುಸು ಜಿಗುಟು. ಇನ್ನೊಂದು ತಟ್ಟೆಯ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಪದರ ಕೂತಿತ್ತು. ತಟ್ಟೆ ಓರೆ ಮಾಡಿದರೆ ನಿಧಾನಕ್ಕೆ ಜಾರುತ್ತಿತ್ತು. ಗೋಡೆಯ ಬಿರುಕಿನಿಂದ ಹೊರಟ ಕೆಂಪಿರುವೆಯ ಸಾಲು ಮೊದಲನೇ ತಟ್ಟೆಯ ಪಕ್ಕದಲ್ಲೇ ಹಾದು ನೇರ ಎರಡನೆಯದಕ್ಕೆ ಹೋಗಿತ್ತು. ಅಂಚಿನ ಸುತ್ತ ಇರುವೆಗಳು ತಲೆ ತಗ್ಗಿಸಿ ನಿಂತಿದ್ದವು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಈ ಇರುವೆ ಪರೀಕ್ಷೆ ನಾನು ಕಂಡುಹಿಡಿದದ್ದಲ್ಲ. ಯಾರ ಮೂತ್ರಕ್ಕೆ ಇರುವೆ ಮುತ್ತುತ್ತದೋ ಅವರಿಗೆ ಮಧುಮೇಹ ಎಂದು ನಮ್ಮ ಹಳೆಯ ಆಯುರ್ವೇದದವರು ಗುರುತಿಸುತ್ತಿದ್ದರು. ಕಾಯಿಲೆಯನ್ನು ಹಿಡಿದುಕೊಟ್ಟ ಇರುವೆಯೇ ಕಾಯಿಲೆಗೆ ಆಗದ ಬಾಟಲಿಯನ್ನೂ ಹಿಡಿದುಕೊಟ್ಟಿತು.

ಅಂಗಡಿಯಲ್ಲಿ ನಿಂತು ಬಾಟಲಿ ಆರಿಸುವಾಗ ಇರುವೆ ಇರುವುದಿಲ್ಲ. ನಮ್ಮ ದೇಶದ ವೈನ್ ಬಾಟಲಿಗಳ ಮೇಲೆ ಸಕ್ಕರೆ ಇಷ್ಟು ಎಂದು ಅಂಕಿ ಬರೆದಿರುವುದೂ ಅಪರೂಪ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಷ್ಟು ವಿವರವೂ ಇರುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿಗೂ ಮೇಲೆ. ಅಷ್ಟು ಜನರಿರುವ ದೇಶದಲ್ಲಿ ಬಾಟಲಿಗೆ ಒಂದು ಸಾಲು, ‘ಲೀಟರಿಗೆ ಸಕ್ಕರೆ ಇಷ್ಟು ಗ್ರಾಂ’ ಎಂದು ಬರೆಸಲು ಏನು ಕಷ್ಟ?

ಅದು ಬರುವವರೆಗೆ ಬಾಟಲಿ ಹೇಳುವ ಇತರ ಮಾತುಗಳನ್ನೇ ಓದಿಕೊಳ್ಳಬೇಕು. ಪೋರ್ಟ್, ಸ್ವೀಟ್, ಡೆಸರ್ಟ್, ಲೇಟ್ ಹಾರ್ವೆಸ್ಟ್ ಎಂದಿದ್ದರೆ ಕೆಳಗಿಡಿ. ಡ್ರೈ ಎಂದಿದ್ದರೆ ಸಾಕಷ್ಟು ನಂಬಬಹುದು. ಏನೂ ಬರೆಯದಿದ್ದರೆ ದ್ರಾಕ್ಷಿಯ ಜಾತಿ ನೋಡಿ. ಕ್ಯಾಬರ್ನೆ ಸಾವಿನ್ಯೋ, ಶಿರಾಜ್‌ನಂಥ ಕೆಂಪು ವೈನುಗಳು, ಬಿಳಿಯದರಲ್ಲಿ ಸಾವಿನ್ಯೋ ಬ್ಲಾಂ ಸಾಮಾನ್ಯವಾಗಿ ಡ್ರೈ. ನಮ್ಮ ದೇಶದ ಶೆನಿನ್ ಬ್ಲಾಂ ಹಲವು ಸಲ ತುಸು ಸಿಹಿಯಾಗಿರುತ್ತದೆ. ಆಮೇಲೆ ಆಲ್ಕೋಹಾಲ್ ಪ್ರಮಾಣ. ಶೇ 8 ಅಥವಾ 9 ಎಂದಿದ್ದರೆ ಯೀಸ್ಟ್ ಕೆಲಸ ಪೂರ್ತಿ ಮಾಡಿಲ್ಲ, ಸಕ್ಕರೆ ಉಳಿದಿರಬಹುದು ಎಂಬ ಅನುಮಾನ ಇರಲಿ. 12ರಿಂದ 14 ಇದ್ದರೆ ಬಹುಮಟ್ಟಿಗೆ ಕರಗಿದೆ. 15 ದಾಟಿ 18, 20 ಇದ್ದರೆ ಮತ್ತೆ ಅನುಮಾನ ಪಡಿ, ಹೊರಗಿನಿಂದ ಸ್ಪಿರಿಟ್ ಸೇರಿರುವ ಪೋರ್ಟಿನ ಜಾತಿ ಇರಬಹುದು.

ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನಿನಲ್ಲಿ ಒಂದು ಮೋಸದ ಹೆಸರಿದೆ. ‘ಎಕ್ಸ್‌ಟ್ರಾ ಡ್ರೈ’ ಎಂದರೆ ಎಲ್ಲಕ್ಕಿಂತ ಸಿಹಿ ಕಡಿಮೆ ಅಂದುಕೊಳ್ಳುತ್ತೇವೆ. ಅದರಲ್ಲಿ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ. ‘ಬ್ರೂಟ್’ ಎಂದಿದ್ದರೆ 12ಕ್ಕಿಂತ ಕಡಿಮೆ, ‘ಬ್ರೂಟ್ ನೇಚರ್’ ಎಂದರೆ 3ಕ್ಕಿಂತ ಕಡಿಮೆ. ಮದುವೆ ಆರತಕ್ಷತೆಗೆಂದು ಬೆಂಗಳೂರಿಗೆ ಹೋದಾಗ ನೆನಪಿಗೆ ಬರಲಿ.

ನಾಲಿಗೆಗೂ ಒಂದು ಗುರುತಿದೆ. ಅದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಮಾತಿದೆ ನೋಡಿ, ಒಗರು. ಎಳೆ ಅಡಿಕೆ, ನೇರಳೆ ಹಣ್ಣು, ಬಾಳೆಕಾಯಿ ತಿಂದಾಗ ನಾಲಿಗೆ ಹಿಡಿದಂತಾಗುವ ಆ ಗುಣ. ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್ ಕೆಂಪು ವೈನಿಗೆ ಈ ಒಗರು ಕೊಡುತ್ತದೆ. ಡ್ರೈ ಕೆಂಪು ವೈನ್ ಹುಳಿ-ಒಗರು. ಮೇಷ್ಟ್ರ ನಾಲಿಗೆ ಸರಿಯಾಗಿಯೇ ಹೇಳಿತ್ತು, ಅವರು ಅದನ್ನು ಕೆಟ್ಟ ಸರಕು ಎಂದುಕೊಂಡಿದ್ದರು, ಅಷ್ಟೇ.

ಮನೆಯಲ್ಲಿ ಮಾಡಿದ ವೈನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ರಿಸ್‌ಮಸ್ ಹೊತ್ತಿಗೆ ಸ್ನೇಹಿತರ ಮನೆಯಿಂದ, ಮಡಿಕೇರಿ ಪ್ರವಾಸಕ್ಕೆ ಹೋದವರ ಕೈಯಿಂದ ಇದು ಬರುತ್ತದೆ. ‘ಮನೆಯಲ್ಲಿ ಮಾಡಿದ್ದು, ಕೆಮಿಕಲ್ ಇಲ್ಲ’ ಎಂಬ ಭರವಸೆ ಜೊತೆಗೇ ಬರುತ್ತದೆ. ಕೆಮಿಕಲ್ ಇಲ್ಲದಿರಬಹುದು, ಲೆಕ್ಕ ಹಾಕೋಣ. ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಲೀಟರ್ ಚಿಲ್ಲರೆ ನೀರು, ಒಂದು ಹಿಡಿ ಗೋಧಿ, ಚಕ್ಕೆ-ಲವಂಗ. ಹಲವು ಮನೆಗಳ ಅಳತೆ ಇದು. ಹಣ್ಣಿನ ಸಕ್ಕರೆಯೂ ಸೇರಿ ಲೀಟರಿಗೆ 400 ಗ್ರಾಂ ಹತ್ತಿರ ಬರುತ್ತದೆ. ಸಾಮಾನ್ಯ ಯೀಸ್ಟ್ ಆಲ್ಕೋಹಾಲ್ ಶೇ 14ರ ಆಸುಪಾಸಿಗೆ ಬಂದರೆ ತಾನು ಮಾಡಿದ ಮದ್ಯದಲ್ಲಿ ತಾನೇ ಸೋಲುತ್ತದೆ. ಅಷ್ಟರಲ್ಲಿ ತಿಂದಿರುವುದು 240 ಗ್ರಾಂ. ಉಳಿದ 160 ಗ್ರಾಂ ಲೋಟಕ್ಕೆ ಬರುತ್ತದೆ. ಅರ್ಧ ಲೋಟ, ಅಂದರೆ 100 ಮಿಲಿ ಕುಡಿದರೆ 16 ಗ್ರಾಂ. ಮಾಡಿದವರ ಪ್ರೀತಿಗೆ ಒಂದು ಗುಟುಕು ಸಾಕು.

ಇದರ ಪಕ್ಕದಲ್ಲೇ ನಮ್ಮ ಅಂಗಡಿಯ ಕಪಾಟಿನಲ್ಲಿರುವ ದ್ರಾಕ್ಷಾಸವ, ದ್ರಾಕ್ಷಾರಿಷ್ಟ. ಒಣದ್ರಾಕ್ಷಿ, ಬೆಲ್ಲ, ಧಾತಕಿ ಹೂವು ಹಾಕಿ ಹುದುಗು ಬರಿಸಿದ ಔಷಧಿ ಅವು. ಲೇಬಲ್ಲಿನ ಮೇಲೆ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂದು ಬರೆದಿರುತ್ತದೆ. ಮೂರು-ನಾಲ್ಕು ಚಮಚದ ಅಳತೆಗೆ ಮಾಡಿದ್ದು. ಅದನ್ನೇ ಟಾನಿಕ್ ಎಂದು ಲೋಟದಲ್ಲಿ ಕುಡಿಯುವವರಿದ್ದಾರೆ. ಶುಗರ್ ಇದ್ದವರು ಅದನ್ನು ಕೇಳಿದಾಗ ನಾನು ‘ವೈದ್ಯರಿಗೆ ತಿಳಿಸಿದ್ದೀರಾ?’ ಎಂದು ಕೇಳದೆ ಕೊಡುವುದಿಲ್ಲ.

ದ್ರಾಕ್ಷಿ ನಮಗೆ ಹೊಸದೇನಲ್ಲ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಆ ಪಟ್ಟಣದ ಪೇಟೆಯಲ್ಲಿ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ನಮ್ಮ ರಾಜ್ಯದ ಸಿಹಿ ವೈನುಗಳಲ್ಲಿ ಆ ಹಣ್ಣಿನ ಪಾಲು ದೊಡ್ಡದು. ಡ್ರೈ ವೈನಿಗೆ ಬೇಕಾದ ಫ್ರೆಂಚ್ ತಳಿಗಳನ್ನು ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬ ನೆಟ್ಟದ್ದು 1988ರಲ್ಲಿ. ಈಗ ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳ ನಡುವೆಯೂ ಕ್ರಿಸ್ಮಾ ಎಂಬ ತೋಟವಿದೆ. ‘ಹಂಪಿ ಹಿಲ್ಸ್’ ಹೆಸರಿನಲ್ಲಿ ಕ್ಯಾಬರ್ನೆ ಸಾವಿನ್ಯೋ, ಸಾಂಜೊವೇಸಿ ವೈನ್ ಮಾಡುತ್ತದೆ. ನಮ್ಮದೇ ಸೀಮೆಯ ಬಿಸಿಲು, ನಮ್ಮದೇ ನೆಲದ ಹಣ್ಣು ಎನ್ನಬಹುದಾದಷ್ಟು ಹತ್ತಿರ. ಆದರೂ ಇಲ್ಲಿನ ಕಪಾಟಿನ ಮೂಲೆಯಲ್ಲಿ ಸಿಹಿ ಬಾಟಲಿಯೇ ನಿಂತಿದೆ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ಆಸರೆಯಾಗಲೆಂದು ವೈನ್ ನೀತಿಯೂ ಬಂತು. ಸಾರಾಯಿ ನಿಲ್ಲಬೇಕೆಂದು ನಮ್ಮ ಹೆಣ್ಣುಮಕ್ಕಳು ಬೀದಿಗಿಳಿದು ಕೂಗಿದ್ದನ್ನು ನಾನು ಮರೆತಿಲ್ಲ. ಈ ಅಂಕಣ ಓದಿ ಯಾರೂ ಹೊಸದಾಗಿ ಕುಡಿಯಲು ಶುರು ಮಾಡಬಾರದು. ಎಷ್ಟು ಕಡಿಮೆ ಕುಡಿದರೂ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಮಟ್ಟವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಖಡಾಖಂಡಿತವಾಗಿ ಹೇಳಿದೆ. ‘ಹಾರ್ಟಿಗೆ ಒಳ್ಳೇದಂತಲ್ಲ’ ಎನ್ನುವವರು ನೆಚ್ಚಿಕೊಳ್ಳುವ ಅಧ್ಯಯನಗಳಲ್ಲಿ ಒಂದನ್ನು ಇಸ್ರೇಲಿನಲ್ಲಿ ಮಾಡಿದ್ದರು, 2015ರಲ್ಲಿ ಪ್ರಕಟವಾಯಿತು. 224 ಮಧುಮೇಹಿಗಳು, ಎರಡು ವರ್ಷ, ದಿನಕ್ಕೆ 150 ಮಿಲಿ, ರಾತ್ರಿ ಊಟದ ಜೊತೆಯಲ್ಲೇ, ತರಕಾರಿ-ಎಣ್ಣೆಕಾಳು ಹೆಚ್ಚಿರುವ ಪಥ್ಯದೊಂದಿಗೆ. ಕೆಂಪು ವೈನಿನ ಗುಂಪಿನಲ್ಲಿ ಒಳ್ಳೆಯ ಕೊಲೆಸ್ಟರಾಲ್ ಸ್ವಲ್ಪ ಏರಿತು. ಅಳತೆ, ಹೊತ್ತು, ಊಟ, ತಪಾಸಣೆ ಎಲ್ಲವೂ ಬಿಗಿಯಾಗಿದ್ದ ಪ್ರಯೋಗ ಅದು. ಅದನ್ನು ಸಿಹಿ ಪೋರ್ಟಿನ ನೀರಿನ ಲೋಟಕ್ಕೆ ಹೊಂದಿಸಲು ಬರುವುದಿಲ್ಲ.

ಈಗ ಮಗ ತಂದ ಬಾಟಲಿಯ ಲೆಕ್ಕ. ಡ್ರೈ ವೈನ್ 150 ಮಿಲಿಯಲ್ಲಿ ಸಕ್ಕರೆ ಒಂದು ಗ್ರಾಂ ಆಗುವುದೂ ಕಷ್ಟ. ಆಹಾರ ಕೋಷ್ಟಕಗಳಲ್ಲಿ ಕಾರ್ಬೊಹೈಡ್ರೇಟ್ ಸುಮಾರು 4 ಗ್ರಾಂ ಎಂದಿರುತ್ತದೆ, ಗ್ಲಿಸರಾಲ್, ಹಣ್ಣಿನ ಆಮ್ಲಗಳೂ ಆ ಲೆಕ್ಕದಲ್ಲಿ ಸೇರುವುದರಿಂದ. ತಟ್ಟೆಯಲ್ಲಿ ಉಳಿದಿದ್ದ ಆ ತುಸು ಜಿಗುಟು ಅದೇ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟಿನಲ್ಲಿ ಕೀಟೋ ಪಥ್ಯ ಮಾಡುವ ಬೆಂಗಳೂರಿನ ಹೆಣ್ಣುಮಕ್ಕಳಿಗೆ ಇದು ಲೆಕ್ಕಕ್ಕೆ ಹಿಡಿಸುವ ಸಂಖ್ಯೆ. ಒಂದು ದೊಡ್ಡ ಬಾಟಲಿ ಬಿಯರಿನಲ್ಲಿ 20 ಗ್ರಾಂ ದಾಟುತ್ತದೆ. ವಿಸ್ಕಿ, ರಮ್ಮಿನಲ್ಲಿ ಬಟ್ಟಿ ಇಳಿಸಿದಮೇಲೆ ಸಕ್ಕರೆಯೇ ಇರುವುದಿಲ್ಲ, ರಮ್ಮು ಕಬ್ಬಿನ ಕಾಕಂಬಿಯದ್ದಾದರೂ. ಆದರೆ ಅದಕ್ಕೆ ಬೆರೆಸುವ 200 ಮಿಲಿ ಕೋಲಾದಲ್ಲಿ 20 ಗ್ರಾಂ.

ಸಕ್ಕರೆ ಇಲ್ಲ ಎಂದಕೂಡಲೇ ಹಗುರ ಎಂದುಕೊಳ್ಳಬಾರದು. ಒಂದು ಗ್ರಾಂ ಆಲ್ಕೋಹಾಲ್ ಎಂದರೆ 7 ಕ್ಯಾಲೊರಿ. ಆ 150 ಮಿಲಿ ಡ್ರೈ ವೈನಿನಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್ ಇದೆ, ಎಲ್ಲ ಸೇರಿ 120 ಕ್ಯಾಲೊರಿ. ಮೈ ಮೊದಲು ಅದನ್ನು ಸುಟ್ಟುಕೊಳ್ಳುತ್ತದೆ, ಕೊಬ್ಬು ಕರಗಿಸುವ ಕೆಲಸ ಅಷ್ಟು ಹೊತ್ತು ಹಿಂದೆ ಬೀಳುತ್ತದೆ.

ಇದಕ್ಕಿಂತ ಹೆದರಬೇಕಾದ್ದು ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಬೆಳಗಿನ ಜಾವ ನಾಲ್ಕೂವರೆಗೆ ನೆರೆಯ ಮನೆಯವರು ಬಾಗಿಲು ಬಡಿದರು. ಅವರ ಯಜಮಾನರು ಮಾತು ತೊದಲುತ್ತಿದ್ದರು, ಮೈಯೆಲ್ಲ ಬೆವರು, ಅಂಗಿ ಒದ್ದೆ. ರಾತ್ರಿ ಒಬ್ಬರ ಮನೆಯಲ್ಲಿ ಕುಡಿದು ಬಂದು ಊಟ ಮಾಡದೆ ಮಲಗಿದ್ದರಂತೆ. ‘ಇನ್ನೂ ಇಳಿದಿಲ್ಲ, ಮಲಗಲಿ ಬಿಡು’ ಎಂದು ಮನೆಯವರು ಒಂದು ಗಂಟೆ ಸುಮ್ಮನಿದ್ದರು. ಗ್ಲುಕೋಮೀಟರ್ ಒಯ್ದು ಬೆರಳಿಗೆ ಚುಚ್ಚಿದೆ. ಸಕ್ಕರೆ ಬರೀ 48. ಎಚ್ಚರವಿದ್ದರು, ನುಂಗಬಲ್ಲವರಾಗಿದ್ದರು, ಗ್ಲುಕೋಸ್ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ನನ್ನ ಹೆಸರು ಹಿಡಿದು ಕರೆದರು. ಕೂಡಲೇ ಆಸ್ಪತ್ರೆಗೆ ಕರೆದೊಯ್ದೆವು.

ಊಟವಿಲ್ಲದ ರಾತ್ರಿ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು. ಕೂಡಿಟ್ಟದ್ದನ್ನು ಬಿಡುತ್ತದೆ, ಹೊಸದಾಗಿ ತಯಾರಿಸುತ್ತದೆ. ಆಲ್ಕೋಹಾಲ್ ಬಂದರೆ ಅದನ್ನು ಕರಗಿಸುವ ಕೆಲಸಕ್ಕೆ ಬಿದ್ದು ಸಕ್ಕರೆ ತಯಾರಿ ನಿಲ್ಲಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗುವವರು ಆಗ ಸಕ್ಕರೆ ಇಳಿಯುತ್ತಲೇ ಹೋಗುವ ಅಪಾಯದಲ್ಲಿರುತ್ತಾರೆ. ಕುಡಿದು ಹಲವು ಗಂಟೆಗಳ ಮೇಲೆ, ನಿದ್ದೆಯಲ್ಲಿ. ಲಕ್ಷಣಗಳು ಅಮಲಿನ ಹಾಗೇ ಕಾಣುತ್ತವೆ, ಅದೇ ಘಾತ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ಕಡಿಮೆ, ಆದರೆ ವಿಪರೀತ ಕುಡಿದರೆ ರಕ್ತದಲ್ಲಿ ಆಮ್ಲ ಏರುವ ಬೇರೆ ಅಪಾಯ ಅವರಿಗಿದೆ. ಸಕ್ಕರೆ ಇಲ್ಲದ ವೈನ್ ಹುಡುಕಿ ತಂದು, ಪಥ್ಯ ಎಂದು ಊಟ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ಕುಡಿದರೆ ಆಗುವುದು ಇದೇ.

ಕುಡಿಯುವುದನ್ನು ಡಾಕ್ಟರಿಗೆ ಹೇಳಬೇಕು. ನಮ್ಮ ಕಡೆ ಹೇಳುವುದಿಲ್ಲ. ಲಿಂಗ ಕಟ್ಟಿದ ಮನೆ, ಊರಲ್ಲಿ ಮರ್ಯಾದೆ ಇರುವ ಮನುಷ್ಯ, ಪಕ್ಕದಲ್ಲಿ ಹೆಂಡತಿ ಕುಳಿತಿರುತ್ತಾಳೆ. ‘ಕುಡಿತೀರಾ?’ ಎಂದರೆ ‘ಇಲ್ರೀ’ ಎಂದೇ ಉತ್ತರ. ಆ ‘ಇಲ್ರೀ’ ನಂಬಿ ಡಾಕ್ಟರು ಮಾತ್ರೆ ಬರೆಯುತ್ತಾರೆ. ಆ ಚೀಟಿ ನನ್ನ ಕೈಗೆ ಬರುತ್ತದೆ. ಸತ್ಯ ಗೊತ್ತಿರುವುದು ಕೆಲವು ಸಲ ನನಗೆ, ವೈನ್ ಶಾಪಿನವನಿಗೆ ಮಾತ್ರ.

ಮೇಷ್ಟ್ರ ಮನೆಯ ಮಾಳಿಗೆಯಿಂದ ಇಳಿದು ಬಂದಾಗ ಅಮ್ಮಾವ್ರು ಎರಡು ತಟ್ಟೆ ಮಂಡಕ್ಕಿ ಒಗ್ಗರಣೆ, ಮೇಲೆ ನಾಲ್ಕು ಮಿರ್ಚಿ ತಂದಿಟ್ಟರು. ನನಗೆ ಕುತೂಹಲ ತಡೆಯಲಾಗಲಿಲ್ಲ. ‘ಒಂದು ತಟ್ಟೆಗೆ ಒಣ ಮಂಡಕ್ಕಿ ಎಷ್ಟು ಹಾಕ್ತೀರಿ, ತೋರಿಸ್ರಿ’ ಎಂದೆ. ಬೊಗಸೆಯಿಂದ ಮೂರು ಸಲ ಮೊರಕ್ಕೆ ಹಾಕಿ ತೋರಿಸಿದರು. ಮೊಮ್ಮಗಳು ಕೇಕ್ ಮಾಡಲು ತಂದಿಟ್ಟಿದ್ದ ಸಣ್ಣ ತಕ್ಕಡಿ ಅಡುಗೆಮನೆಯಲ್ಲಿತ್ತು. ತೂಗಿದೆವು, 60 ಗ್ರಾಂ. ಗಾಳಿಯಷ್ಟು ಹಗುರ ಎಂದುಕೊಳ್ಳುವ ಮಂಡಕ್ಕಿಯಲ್ಲಿ ಪಿಷ್ಟವೇ ಹೆಚ್ಚು. ಆ ತಟ್ಟೆಯಲ್ಲಿ 50 ಗ್ರಾಂ ಕಾರ್ಬೊಹೈಡ್ರೇಟ್, ಹುರಿದು ಉಬ್ಬಿದ ಅಕ್ಕಿಯಾದ್ದರಿಂದ ರಕ್ತಕ್ಕೆ ಬೇಗ ಸೇರುವಂಥದ್ದು. ಒಗರು ವೈನಿನ ಲೋಟಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು, ಸಿಹಿ ವೈನಿನ ಲೋಟಕ್ಕಿಂತಲೂ ಎರಡೂವರೆ ಪಟ್ಟಿಗೂ ಮೇಲೆ. ಮೇಷ್ಟ್ರು ಗುಟುಕಿನ ಜೊತೆ ನೆಂಚಿಕೊಳ್ಳುತ್ತಿದ್ದುದು ಇದನ್ನೇ. ಒಂದು ಹಿಡಿ ಹುರಿದ ಶೇಂಗಾ, 30 ಗ್ರಾಂ, ತಿಂದರೆ ಸುಮಾರು 5 ಗ್ರಾಂ ಸಾಕು. ಶೇಂಗಾ ನಮ್ಮ ಹೊಲದ್ದೇ.

ಮುಂದಿನ ತಿಂಗಳು ಮೇಷ್ಟ್ರು ಅಂಗಡಿಗೆ ಒಬ್ಬರೇ ಬರಲಿಲ್ಲ, ಅಮ್ಮಾವ್ರೂ ಜೊತೆಗಿದ್ದರು. ಚೀಟಿ ಹೊಸದು. ಡಾಕ್ಟರಿಗೆ ಎಲ್ಲ ಹೇಳಿದ್ದರಂತೆ, ಹೆಂಡತಿಯ ಮುಂದೆಯೇ. ಗ್ಲಿಮೆಪಿರೈಡ್ ಪ್ರಮಾಣ ಬದಲಾಗಿತ್ತು. ಸಿಹಿ ಬಾಟಲಿ ಪೂರ್ತಿ ಬಂದ್. ಮಗ ತಂದದ್ದನ್ನೂ ಡಾಕ್ಟರು ಸದ್ಯಕ್ಕೆ ಬೇಡ ಎಂದಿದ್ದಾರೆ, ಮೂರು ತಿಂಗಳ ಸಕ್ಕರೆಯ ಸರಾಸರಿ ನೋಡಿದಮೇಲೆ ಮಾತಾಡೋಣ ಎಂದರಂತೆ. ಬೀರುವಿನಲ್ಲಿದೆ ಬಾಟಲಿ, ಮುಚ್ಚಳ ಹಾಕಿ ಇಟ್ಟಿದ್ದೀನಿ ಎಂದರು ಮೇಷ್ಟ್ರು. ಬಿಚ್ಚಿದ ವೈನ್ ಮೂರು ತಿಂಗಳು ಇರುವುದಿಲ್ಲ, ವಿನೆಗರ್ ಆಗುತ್ತದೆ ಎಂದೆ. ‘ಆಗಲಿ ಬಿಡು, ಉಪ್ಪಿನಕಾಯಿಗೆ ಆದೀತು’ ಎಂದರು.

ಅಮ್ಮಾವ್ರಿಗೆ ಬೇರೆಯದೇ ಯೋಚನೆ. ಕೈಚೀಲದಿಂದ ಆ ಸಣ್ಣ ತಕ್ಕಡಿಯನ್ನು ತೆಗೆದು ಕೌಂಟರಿನ ಮೇಲಿಟ್ಟರು.

‘ತಮ್ಮಾ, ಇದನ್ನ ಸೊನ್ನೆಗೆ ತರೋದು ಹೆಂಗ? ರೊಟ್ಟಿ ಹಿಟ್ಟು ತೂಗಬೇಕು.’